ಕರ್ನಾಟಕದಲ್ಲಿ ಹಾವುಗಳ ಗುರುತಿಸುವಿಕೆ

ಹಾವುಗಳ ಗುರುತಿಸುವಿಕೆ ಎಂದರೆ ಹೊಲ, ತೋಟ, ಕಾಡು, ರಸ್ತೆ ಅಥವಾ ಮನೆಯ ಸುತ್ತಮುತ್ತ ಕಂಡ ಅಪರಿಚಿತ ಹಾವು ಯಾವ ಪ್ರಭೇದಕ್ಕೆ ಸೇರಿದೆ ಎಂಬುದನ್ನು ಅದರ ದೇಹಾಕಾರ, ಹುರುಪೆ, ಮೈಮೇಲಿನ ಗುರುತು, ನಡವಳಿಕೆ, ನೆಲೆ ಹಾಗೂ ಕಂಡ ಹೊತ್ತಿನ ಆಧಾರದಿಂದ ನಿರ್ಧರಿಸುವ ಕ್ರಮ. ಭಾರತದಲ್ಲಿ 300ಕ್ಕೂ ಹೆಚ್ಚು ಹಾವಿನ ಪ್ರಭೇದಗಳಿವೆ. ಇವುಗಳಲ್ಲಿ ಬಹುಪಾಲು ಮನುಷ್ಯನಿಗೆ ಅಪಾಯಕಾರಿಯಲ್ಲ. ಕರಾವಳಿ, ಮಲೆನಾಡು ಮತ್ತು ಬಯಲುಸೀಮೆ ಎಂಬ ಮೂರು ಭಿನ್ನ ಪರಿಸರಗಳನ್ನು ಹೊಂದಿರುವ ಕರ್ನಾಟಕದಲ್ಲಿ ಹಾವುಗಳ ವೈವಿಧ್ಯ ಹೆಚ್ಚು.

ದೇಶದಲ್ಲಿ ಹಾವು ಕಡಿತದ ಸಾವುಗಳಿಗೆ ಮುಖ್ಯವಾಗಿ ನಾಲ್ಕು ಹಾವುಗಳು ಕಾರಣವೆಂದು ಪರಿಗಣಿಸಲಾಗಿದೆ. ಅವು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸಮಂಡಲ. ಈ ನಾಲ್ಕೂ ಕರ್ನಾಟಕದಲ್ಲಿ ಕಂಡುಬರುತ್ತವೆ. ಇವುಗಳಲ್ಲಿ ಪ್ರತಿಯೊಂದನ್ನೂ ಹೋಲುವ ನಿರಪಾಯಕಾರಿ ಹಾವುಗಳಿರುವುದರಿಂದ ಗುರುತಿಸುವಾಗ ಎರಡು ಬಗೆಯ ತಪ್ಪುಗಳಾಗುತ್ತವೆ. ನಿರಪಾಯಕಾರಿ ಹಾವನ್ನು ವಿಷದ ಹಾವೆಂದು ಭಾವಿಸಿ ಕೊಲ್ಲುವುದು ಮೊದಲನೆಯದು. ವಿಷದ ಹಾವನ್ನು ನಿರಪಾಯಕಾರಿಯೆಂದು ಭಾವಿಸಿ ಮುಟ್ಟುವುದು ಅಥವಾ ಕಡಿತವನ್ನು ನಿರ್ಲಕ್ಷಿಸುವುದು ಎರಡನೆಯದು.

ಯಾವುದೇ ಒಂದು ಲಕ್ಷಣದಿಂದ ಎಲ್ಲ ವಿಷದ ಹಾವುಗಳನ್ನೂ ಬೇರ್ಪಡಿಸಲು ಸಾಧ್ಯವಿಲ್ಲ. ಹಲವು ಲಕ್ಷಣಗಳನ್ನು ಒಟ್ಟಿಗೆ, ಸುರಕ್ಷಿತ ದೂರದಿಂದ ಗಮನಿಸಬೇಕಾಗುತ್ತದೆ. ಅನುಮಾನ ಉಳಿದಲ್ಲಿ ಹಾವನ್ನು ವಿಷಕಾರಿ ಎಂದೇ ಪರಿಗಣಿಸುವುದು ಅಂಗೀಕೃತ ನಿಯಮ.

ಮಹತ್ವ

2020ರಲ್ಲಿ ಪ್ರಕಟವಾದ ಒಂದು ರಾಷ್ಟ್ರವ್ಯಾಪಿ ಅಧ್ಯಯನವು 2000ರಿಂದ 2019ರವರೆಗಿನ ಅವಧಿಯಲ್ಲಿ ಭಾರತದಲ್ಲಿ ಸುಮಾರು 12 ಲಕ್ಷ ಜನರು, ಅಂದರೆ ವರ್ಷಕ್ಕೆ ಸರಾಸರಿ 58,000 ಜನರು, ಹಾವು ಕಡಿತದಿಂದ ಮೃತಪಟ್ಟಿದ್ದಾರೆಂದು ಅಂದಾಜಿಸಿತು. ಸಾವುಗಳ ಬಹುಪಾಲು ಗ್ರಾಮೀಣ ಪ್ರದೇಶಗಳಲ್ಲಿ, ಮಳೆಗಾಲದ ತಿಂಗಳುಗಳಲ್ಲಿ ಸಂಭವಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2017ರಲ್ಲಿ ಹಾವು ಕಡಿತವನ್ನು ನಿರ್ಲಕ್ಷಿತ ಉಷ್ಣವಲಯದ ರೋಗಗಳ ಪಟ್ಟಿಗೆ ಸೇರಿಸಿತು. 2030ರ ವೇಳೆಗೆ ಸಾವು ಮತ್ತು ಅಂಗವೈಕಲ್ಯಗಳನ್ನು ಅರ್ಧಕ್ಕೆ ಇಳಿಸುವ ಗುರಿಯನ್ನು 2019ರಲ್ಲಿ ಪ್ರಕಟಿಸಿತು. ಕರ್ನಾಟಕ ಸರ್ಕಾರವು 2024ರಲ್ಲಿ ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಸೂಚಿಸಿತು.

ಇಂತಹ ಹಿನ್ನೆಲೆಯಲ್ಲಿ ಹಾವುಗಳ ಪರಿಚಯವು ಪ್ರಾಣಿಶಾಸ್ತ್ರದ ಆಸಕ್ತಿಗೆ ಸೀಮಿತವಾದ ವಿಷಯವಲ್ಲ. ತನ್ನ ಊರಿನಲ್ಲಿ ಯಾವ ವಿಷದ ಹಾವುಗಳಿವೆ, ಅವು ಯಾವ ಹೊತ್ತಿನಲ್ಲಿ ಎಲ್ಲಿರುತ್ತವೆ ಎಂಬುದನ್ನು ತಿಳಿದವರು ಕತ್ತಲಲ್ಲಿ ಬ್ಯಾಟರಿ ದೀಪ ಹಿಡಿದು ನಡೆಯುವುದು, ನೆಲದ ಮೇಲೆ ಮಲಗದಿರುವುದು, ಸೊಳ್ಳೆಪರದೆ ಬಳಸುವುದು, ಸೌದೆ ಮತ್ತು ಹುಲ್ಲಿನ ರಾಶಿಗೆ ಬರಿಗೈ ಹಾಕದಿರುವುದು ಮುಂತಾದ ಎಚ್ಚರಿಕೆಗಳನ್ನು ಸಕಾರಣವಾಗಿ ಪಾಲಿಸಬಲ್ಲರು. ಇಲಿ ಹಿಡಿಯುವ ಕೇರೆಹಾವಿನಂತಹ ಉಪಕಾರಿ ಹಾವುಗಳ ಅನಗತ್ಯ ಹತ್ಯೆಯೂ ಇದರಿಂದ ತಪ್ಪುತ್ತದೆ.

ಇತಿಹಾಸ

ಭಾರತದ ವಿಷದ ಹಾವುಗಳನ್ನು ನಿರಪಾಯಕಾರಿ ಹಾವುಗಳಿಂದ ಬೇರ್ಪಡಿಸುವ ವ್ಯವಸ್ಥಿತ ಪ್ರಯತ್ನವನ್ನು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಸ್ಕಾಟ್‌ಲೆಂಡಿನ ವೈದ್ಯ ಪ್ಯಾಟ್ರಿಕ್ ರಸೆಲ್ ಕೈಗೊಂಡರು. ಈಸ್ಟ್ ಇಂಡಿಯಾ ಕಂಪನಿಯ ನಿಸರ್ಗತಜ್ಞರಾಗಿದ್ದ ಅವರು ಕೋರಮಂಡಲ ತೀರದಲ್ಲಿ ಸಂಗ್ರಹಿಸಿದ ಹಾವುಗಳ ಸಚಿತ್ರ ವಿವರಣೆಯನ್ನು 1796ರಲ್ಲಿ ಪ್ರಕಟಿಸಿದರು. ಕೊಳಕುಮಂಡಲದ ವೈಜ್ಞಾನಿಕ ಹೆಸರಾದ ದಬೋಯಾ ರಸೆಲಿಯೈ ಅವರ ಸ್ಮರಣಾರ್ಥ ಇಟ್ಟದ್ದು. 1872ರಲ್ಲಿ ಜೋಸೆಫ್ ಫೇರರ್ ಭಾರತದ ವಿಷದ ಹಾವುಗಳ ಕುರಿತು ವರ್ಣಚಿತ್ರಗಳುಳ್ಳ ಬೃಹತ್ ಗ್ರಂಥವನ್ನು ಹೊರತಂದರು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸೇನಾ ವೈದ್ಯ ಫ್ರಾಂಕ್ ವಾಲ್ ತಲೆ, ತುಟಿ, ಬೆನ್ನು ಮತ್ತು ಬಾಲದ ಹುರುಪೆಗಳ ಜೋಡಣೆಯನ್ನು ಆಧರಿಸಿದ ಗುರುತಿಸುವ ಕ್ರಮವನ್ನು ಪ್ರಚಾರಕ್ಕೆ ತಂದರು. ಹುರುಪೆಗಳ ಜೋಡಣೆ ಬಣ್ಣದಷ್ಟು ಬದಲಾಗದಿರುವುದರಿಂದ ಈ ಕ್ರಮ ಹೆಚ್ಚು ವಿಶ್ವಾಸಾರ್ಹ. ಆದರೆ ಹಾವು ಕೈಯಲ್ಲಿದ್ದರೆ ಮಾತ್ರ ಇದನ್ನು ಪೂರ್ಣವಾಗಿ ಬಳಸಲು ಸಾಧ್ಯ. ಮಾಲ್ಕಮ್ ಸ್ಮಿತ್ ಅವರ 1943ರ ಗ್ರಂಥ ದೀರ್ಘಕಾಲ ಈ ಕ್ಷೇತ್ರದ ಮುಖ್ಯ ಆಕರವಾಗಿತ್ತು. ಜೀವಂತ ಹಾವನ್ನು ಅದರ ನೆಲೆಯಲ್ಲೇ ನೋಡಿ ಗುರುತಿಸಲು ನೆರವಾಗುವ ಕ್ಷೇತ್ರ ಕೈಪಿಡಿಗಳು ಆನಂತರ ಬಂದವು. ರೋಮುಲಸ್ ವಿಟೇಕರ್ ಅವರ ಕೈಪಿಡಿ 1978ರಲ್ಲಿಯೂ, ವಿಟೇಕರ್ ಮತ್ತು ಅಶೋಕ್ ಕ್ಯಾಪ್ಟನ್ ಅವರ ಜಂಟಿ ಕೈಪಿಡಿ 2004ರಲ್ಲಿಯೂ ಪ್ರಕಟವಾದವು. ವಿಟೇಕರ್ 2005ರಲ್ಲಿ ಶಿವಮೊಗ್ಗ ಜಿಲ್ಲೆಯ ಆಗುಂಬೆಯಲ್ಲಿ ಮಳೆಕಾಡು ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದರು. ಕಾಳಿಂಗ ಸರ್ಪದ ಅಧ್ಯಯನ ಈ ಕೇಂದ್ರದ ಪ್ರಮುಖ ಕೆಲಸಗಳಲ್ಲಿ ಒಂದು.

ಪ್ರಭೇದಗಳ ಗಡಿಗಳು ಇಂದಿಗೂ ಪರಿಷ್ಕರಣೆಗೊಳ್ಳುತ್ತಿವೆ. ಬಹುಕಾಲ ಒಂದೇ ಪ್ರಭೇದವೆಂದು ತಿಳಿಯಲಾಗಿದ್ದ ಕಾಳಿಂಗ ಸರ್ಪವನ್ನು 2024ರಲ್ಲಿ ನಾಲ್ಕು ಪ್ರಭೇದಗಳಾಗಿ ವಿಂಗಡಿಸಲಾಯಿತು. ಪಶ್ಚಿಮ ಘಟ್ಟದ ಪ್ರಭೇದಕ್ಕೆ ಕನ್ನಡದ ಹೆಸರನ್ನೇ ಆಧರಿಸಿ ಒಫಿಯೋಫೇಗಸ್ ಕಾಳಿಂಗ ಎಂದು ಹೆಸರಿಡಲಾಗಿದೆ.

ಗಮನಿಸಬೇಕಾದ ಲಕ್ಷಣಗಳು

ದೇಹಾಕಾರ: ಹಾವಿನ ದಪ್ಪಕ್ಕೂ ಉದ್ದಕ್ಕೂ ಇರುವ ಅನುಪಾತ, ತಲೆ ಕತ್ತಿಗಿಂತ ಎಷ್ಟು ಅಗಲವಾಗಿದೆ, ಬಾಲ ಗಿಡ್ಡವೋ ನೀಳವೋ, ತುದಿ ಚೂಪೋ ಮೊಂಡೋ ಎಂಬುದನ್ನು ಮೊದಲು ನೋಡಬೇಕು. ಮಂಡಲದ ಹಾವುಗಳ ಮೈ ಗಿಡ್ಡ ಮತ್ತು ದಪ್ಪ, ಬಾಲ ಚಿಕ್ಕದು. ಕೇರೆಹಾವಿನ ಬಾಲ ನೀಳವಾಗಿದ್ದು ಕ್ರಮೇಣ ಸಣ್ಣದಾಗುತ್ತದೆ. ಕಡಲ ಹಾವಿನ ಬಾಲ ದೋಣಿಯ ಹುಟ್ಟಿನಂತೆ ಚಪ್ಪಟೆಯಾಗಿರುತ್ತದೆ. ಉದ್ದದ ಅಂದಾಜು ಮಾತ್ರ ನಂಬಲರ್ಹವಲ್ಲ. ಭಯಗೊಂಡ ನೋಡುಗರು ಹಾವನ್ನು ಇರುವುದಕ್ಕಿಂತ ದೊಡ್ಡದಾಗಿ ಅಂದಾಜಿಸುವುದು ಸಾಮಾನ್ಯ.

ಹುರುಪೆ: ಕೆಲವು ಹಾವುಗಳ ಹುರುಪೆಗಳು ನುಣುಪಾಗಿ ಹೊಳೆಯುತ್ತವೆ. ಇನ್ನು ಕೆಲವುಗಳಲ್ಲಿ ಪ್ರತಿ ಹುರುಪೆಯ ನಡುವೆ ಒಂದು ಏಣು ಇದ್ದು ಮೈ ಒರಟಾಗಿ, ಹೊಳಪಿಲ್ಲದೆ ಕಾಣುತ್ತದೆ. ಕಟ್ಟುಹಾವಿನದು ನುಣುಪಾದ ಮೈ, ಕೊಳಕುಮಂಡಲದ್ದು ಒರಟು ಮೈ. ತಲೆಯ ಮೇಲೆ ದೊಡ್ಡ ಫಲಕದಂತಹ ಹುರುಪೆಗಳಿವೆಯೋ ಅಥವಾ ಮೈಯಲ್ಲಿರುವಂತೆ ಚಿಕ್ಕ ಹುರುಪೆಗಳಿವೆಯೋ ಎಂಬುದೂ ಉಪಯುಕ್ತ ಸುಳಿವು.

ಗುರುತುಗಳ ವಿನ್ಯಾಸ: ಬಣ್ಣಕ್ಕಿಂತ ವಿನ್ಯಾಸ ಮುಖ್ಯ. ಒಂದೇ ಪ್ರಭೇದದ ಹಾವುಗಳು ಕಂದು, ಬೂದು, ಹಳದಿ ಅಥವಾ ಕಪ್ಪು ಬಣ್ಣದಲ್ಲಿರಬಹುದು. ಪೊರೆ ಬಿಡುವ ಮುನ್ನ ಬಣ್ಣ ಮಂಕಾಗುತ್ತದೆ. ಮೈ ಕೆಸರಾಗಿದ್ದರೆ ಬಣ್ಣವೇ ಕಾಣದು. ಆದುದರಿಂದ ಅಡ್ಡಪಟ್ಟೆಗಳೋ, ಉದ್ದ ಗೆರೆಗಳೋ, ಮಚ್ಚೆಗಳೋ, ಅವು ಎಲ್ಲಿಂದ ಆರಂಭವಾಗಿ ಎಲ್ಲಿ ಸ್ಪಷ್ಟವಾಗಿವೆ, ಎಲ್ಲಿ ಮಾಸಿವೆ ಎಂಬುದನ್ನು ಗಮನಿಸಬೇಕು.

ನಡವಳಿಕೆ: ನಾಗರಹಾವು ಹೆಡೆಯೆತ್ತುತ್ತದೆ. ಕೊಳಕುಮಂಡಲ ಸುರುಳಿ ಸುತ್ತಿ ಪ್ರೆಶರ್ ಕುಕ್ಕರಿನಂತೆ ಜೋರಾಗಿ ಬುಸುಗುಟ್ಟುತ್ತದೆ. ಗರಗಸಮಂಡಲ ಮೈಯ ಮಡಿಕೆಗಳನ್ನು ಒಂದಕ್ಕೊಂದು ಉಜ್ಜಿ ಕರಕರ ಸದ್ದು ಮಾಡುತ್ತದೆ. ಕೇರೆಹಾವು ಸಾಮಾನ್ಯವಾಗಿ ವೇಗವಾಗಿ ಓಡಿಹೋಗುತ್ತದೆ.

ನೆಲೆ ಮತ್ತು ಹೊತ್ತು: ಹಗಲಿನಲ್ಲಿ ಮರದ ಮೇಲೆ ಚುರುಕಾಗಿ ಚಲಿಸುವ ಹಾವು ಕಟ್ಟುಹಾವಾಗಿರುವ ಸಾಧ್ಯತೆ ಕಡಿಮೆ. ಮಳೆಗಾಲದ ರಾತ್ರಿ ಮನೆಯ ಗೋಡೆಯಂಚಿನಲ್ಲಿ ಹರಿಯುವ ಕಪ್ಪು ಹಾವಿನ ವಿಷಯದಲ್ಲಿ ಆ ಸಾಧ್ಯತೆಯನ್ನು ತಳ್ಳಿಹಾಕಲಾಗದು. ನೆಲೆಯು ಸಾಧ್ಯತೆಯನ್ನು ಸೂಚಿಸುತ್ತದೆಯೇ ಹೊರತು ಖಚಿತಪಡಿಸುವುದಿಲ್ಲ.

ನಾಲ್ಕು ಪ್ರಮುಖ ವಿಷದ ಹಾವುಗಳು ಮತ್ತು ಅವುಗಳನ್ನು ಹೋಲುವ ಹಾವುಗಳು

ನಾಗರಹಾವು ಮತ್ತು ಕೇರೆಹಾವು

ನಾಗರಹಾವಿನ ವೈಜ್ಞಾನಿಕ ಹೆಸರು ನಾಜಾ ನಾಜಾ. ಬಿಚ್ಚಿದ ಹೆಡೆಯ ಹಿಂಭಾಗದಲ್ಲಿ ಕನ್ನಡಕದಂತಹ ಗುರುತು ಇದರ ಪ್ರಸಿದ್ಧ ಲಕ್ಷಣ. ಆದರೆ ಕೆಲವು ನಾಗರಹಾವುಗಳಲ್ಲಿ ಈ ಗುರುತು ಅಸ್ಪಷ್ಟವಾಗಿರುತ್ತದೆ ಅಥವಾ ಇರುವುದೇ ಇಲ್ಲ. ಹಾವು ಹೆದರದೆ ತನ್ನ ಪಾಡಿಗೆ ಹರಿಯುವಾಗ ಹೆಡೆ ಮಡಿಚಿಕೊಂಡಿರುವುದರಿಂದ ಅದನ್ನು ಕೇರೆಹಾವೆಂದು ತಪ್ಪಾಗಿ ತಿಳಿಯುವ ಸಂಭವ ಹೆಚ್ಚು. ಮರಿಗಳು ಕೂಡ ಹುಟ್ಟಿನಿಂದಲೇ ಹೆಡೆಯೆತ್ತಬಲ್ಲವು ಮತ್ತು ವಿಷ ಹೊಂದಿರುತ್ತವೆ.

ಕೇರೆಹಾವಿನ ವೈಜ್ಞಾನಿಕ ಹೆಸರು ಟಯಾಸ್ ಮ್ಯೂಕೋಸ. ಇದು ಎರಡು ಮೀಟರಿಗೂ ಹೆಚ್ಚು ಉದ್ದ ಬೆಳೆಯಬಲ್ಲದು. ಕಣ್ಣುಗಳು ದೊಡ್ಡವು. ತುಟಿಯ ಹುರುಪೆಗಳ ನಡುವೆ ಕಪ್ಪು ಗೆರೆಗಳಿರುತ್ತವೆ. ತಲೆ ಕತ್ತಿನಿಂದ ಸ್ಪಷ್ಟವಾಗಿ ಬೇರೆಯಾಗಿ ಕಾಣುತ್ತದೆ. ನಾಗರಹಾವಿನ ತಲೆ ಹೆಡೆ ಮಡಿಚಿದಾಗ ಕತ್ತಿಗಿಂತ ಹೆಚ್ಚು ಅಗಲವಾಗಿ ಕಾಣುವುದಿಲ್ಲ. ಕೇರೆಹಾವು ಬೆದರಿದಾಗ ಕತ್ತನ್ನು ಪಕ್ಕದಿಂದ ಒತ್ತಿದಂತೆ ಉಬ್ಬಿಸುತ್ತದೆ. ನಾಗರಹಾವಿನ ಹೆಡೆ ಬೀಸಣಿಗೆಯಂತೆ ಎರಡೂ ಬದಿಗೆ ಅಗಲವಾಗುತ್ತದೆ.

ಕೇರೆಹಾವು ನಾಗರಹಾವಿನೊಡನೆ ಕೂಡುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಇವೆರಡೂ ಬೇರೆ ಬೇರೆ ಕುಟುಂಬಗಳಿಗೆ ಸೇರಿದ್ದು, ಪರಸ್ಪರ ಸಂತಾನೋತ್ಪತ್ತಿ ನಡೆಸುವುದಿಲ್ಲ. ಎರಡು ಹಾವುಗಳು ಹೆಣೆದುಕೊಂಡು ಎದ್ದು ನಿಲ್ಲುವ ದೃಶ್ಯವು ಹೆಚ್ಚಾಗಿ ಎರಡು ಗಂಡು ಕೇರೆಹಾವುಗಳ ನಡುವಿನ ಸೆಣಸಾಟವಾಗಿರುತ್ತದೆ.

ಕಟ್ಟುಹಾವು ಮತ್ತು ತೋಳದ ಹಾವು

ಕಟ್ಟುಹಾವನ್ನು ಕಡಂಬಳ ಎಂದೂ ಕರೆಯಲಾಗುತ್ತದೆ. ಇದರ ವೈಜ್ಞಾನಿಕ ಹೆಸರು ಬಂಗಾರಸ್ ಸೆರೂಲಿಯಸ್. ಹೊಳೆಯುವ ಕಪ್ಪು ಅಥವಾ ನೀಲಿಗಪ್ಪು ಮೈಮೇಲೆ ತೆಳುವಾದ ಬಿಳಿ ಅಡ್ಡಪಟ್ಟೆಗಳು, ಹೆಚ್ಚಾಗಿ ಜೋಡಿಜೋಡಿಯಾಗಿ, ಇರುತ್ತವೆ. ತೋಳದ ಹಾವು ನಿರಪಾಯಕಾರಿ. ಇದರ ಸಾಮಾನ್ಯ ಪ್ರಭೇದದ ವೈಜ್ಞಾನಿಕ ಹೆಸರು ಲೈಕೋಡಾನ್ ಆಲಿಕಸ್. ಎರಡೂ ರಾತ್ರಿ ಸಂಚರಿಸುತ್ತವೆ, ಎರಡೂ ಮನೆಯೊಳಗೆ ಬರುತ್ತವೆ, ಎರಡರಲ್ಲೂ ಪಟ್ಟೆಗಳಿವೆ. ಇವುಗಳ ನಡುವಿನ ಗೊಂದಲ ಅತ್ಯಂತ ಅಪಾಯಕಾರಿ. ಮುಖ್ಯ ವ್ಯತ್ಯಾಸಗಳು ಹೀಗಿವೆ:

• ಕಟ್ಟುಹಾವಿನಲ್ಲಿ ಪಟ್ಟೆಗಳು ತಲೆಯಿಂದ ಸ್ವಲ್ಪ ದೂರ ಬಿಟ್ಟು ಆರಂಭವಾಗಿ ಬಾಲದ ಕಡೆಗೆ ಹೆಚ್ಚು ಸ್ಪಷ್ಟವಾಗುತ್ತವೆ. ತೋಳದ ಹಾವಿನಲ್ಲಿ ಪಟ್ಟೆಗಳು ಕತ್ತಿನ ಬಳಿಯೇ ಆರಂಭವಾಗಿ ಬಾಲದ ಕಡೆಗೆ ಮಾಸುತ್ತವೆ.
• ಕಟ್ಟುಹಾವಿನ ಬೆನ್ನಿನ ನಡುಸಾಲಿನಲ್ಲಿ ಉಳಿದವುಗಳಿಗಿಂತ ದೊಡ್ಡದಾದ ಷಟ್ಕೋನಾಕಾರದ ಹುರುಪೆಗಳಿರುತ್ತವೆ. ತೋಳದ ಹಾವಿನಲ್ಲಿ ಎಲ್ಲ ಹುರುಪೆಗಳೂ ಸುಮಾರಾಗಿ ಒಂದೇ ಗಾತ್ರದವು.
• ಕಟ್ಟುಹಾವಿನ ಬಾಲದ ಅಡಿಭಾಗದ ಹುರುಪೆಗಳು ಒಂಟಿ ಸಾಲಿನಲ್ಲಿರುತ್ತವೆ. ತೋಳದ ಹಾವಿನಲ್ಲಿ ಅವು ಜೋಡಿಯಾಗಿ ಸೀಳಿರುತ್ತವೆ.
• ತೋಳದ ಹಾವಿನ ಮೈ ಸಾಮಾನ್ಯವಾಗಿ ಕಂದು ಅಥವಾ ಬೂದುಗಂದು. ತಲೆ ಚಪ್ಪಟೆ. ಇದು ಗೋಡೆಗಳನ್ನು ಸುಲಭವಾಗಿ ಹತ್ತಬಲ್ಲದು.

ಕಟ್ಟುಹಾವಿನ ಮರಿಗಳಲ್ಲಿ ಮುಂಭಾಗದ ಪಟ್ಟೆಗಳು ಬಿಡಿ ಚುಕ್ಕೆಗಳಂತಿರಬಹುದು. ಕೆಲವು ದೊಡ್ಡ ಕಟ್ಟುಹಾವುಗಳಲ್ಲಿ ಪಟ್ಟೆಗಳು ಬಹುತೇಕ ಅಳಿಸಿಹೋಗಿರುತ್ತವೆ. ಆದುದರಿಂದ ರಾತ್ರಿ ಮನೆಯೊಳಗೆ ಕಂಡ ಪಟ್ಟೆಯ ಹಾವನ್ನು ತೋಳದ ಹಾವೆಂದು ಭಾವಿಸಿ ಕೈಯಿಂದ ಹಿಡಿಯಲು ಯತ್ನಿಸಬಾರದು. ಕಟ್ಟುಹಾವಿನ ಕಡಿತದಲ್ಲಿ ನೋವು ಮತ್ತು ಊತ ಅತ್ಯಲ್ಪ. ಹಲ್ಲಿನ ಗುರುತು ಕಾಣದೆಯೂ ಇರಬಹುದು. ನೆಲದ ಮೇಲೆ ಮಲಗಿದವರು ಕಡಿತದ ಅರಿವೇ ಇಲ್ಲದೆ, ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಜೋತುಬೀಳುವುದು, ಉಸಿರಾಟದ ತೊಂದರೆ ಮುಂತಾದ ಲಕ್ಷಣಗಳಿಂದ ಆಸ್ಪತ್ರೆಗೆ ಬರುವುದುಂಟು.

ಕೊಳಕುಮಂಡಲ, ಮಣ್ಣುಮುಕ್ಕ ಮತ್ತು ಹೆಬ್ಬಾವಿನ ಮರಿ

ಕೊಳಕುಮಂಡಲದ ಬೆನ್ನಿನ ಮೇಲೆ ಕಪ್ಪು ಅಂಚುಳ್ಳ ಕಂದು ಬಣ್ಣದ ಅಂಡಾಕಾರದ ಮಚ್ಚೆಗಳು ಮೂರು ಉದ್ದ ಸಾಲುಗಳಲ್ಲಿ, ಸರಪಳಿಯ ಕೊಂಡಿಗಳಂತೆ, ಜೋಡಣೆಗೊಂಡಿರುತ್ತವೆ. ತಲೆ ತ್ರಿಕೋನಾಕಾರ, ಮೂಗಿನ ಹೊಳ್ಳೆಗಳು ದೊಡ್ಡವು, ಹುರುಪೆಗಳು ಏಣುಳ್ಳವು. ಇದು ಮೊಟ್ಟೆಯಿಡದೆ ನೇರವಾಗಿ ಮರಿಹಾಕುತ್ತದೆ. ಗದ್ದೆ, ಕಬ್ಬಿನ ಹೊಲ, ಬೇಲಿಯಂಚು, ಹುಲ್ಲಿನ ಬಣವೆಗಳ ಬಳಿ ಇಲಿಗಳನ್ನು ಅರಸಿ ಬರುತ್ತದೆ. ಇದು ಕದಲದೆ ಬಿದ್ದಿರುವುದರಿಂದ ಒಣಗಿದ ಎಲೆ ಮತ್ತು ಮಣ್ಣಿನ ನಡುವೆ ಕಣ್ಣಿಗೆ ಬೀಳದೆ ತುಳಿತಕ್ಕೆ ಸಿಕ್ಕುತ್ತದೆ.

ಎರಿಕ್ಸ್ ಕೋನಿಕಸ್ ಎಂಬ ಹೆಸರಿನ ಮಣ್ಣುಮುಕ್ಕ ಹಾವು ದಪ್ಪ ಮೈ ಮತ್ತು ಕಂದು ಮಚ್ಚೆಗಳಿಂದ ಕೊಳಕುಮಂಡಲವನ್ನು ಹೋಲುತ್ತದೆ. ಆದರೆ ಇದರ ಮಚ್ಚೆಗಳು ಅಡ್ಡಾದಿಡ್ಡಿಯಾಗಿದ್ದು ಒಂದಕ್ಕೊಂದು ಕೂಡಿಕೊಂಡಿರುತ್ತವೆ, ಕ್ರಮಬದ್ಧ ಸಾಲುಗಳಲ್ಲಿರುವುದಿಲ್ಲ. ಕಣ್ಣುಗಳು ಬಹಳ ಚಿಕ್ಕವು. ತಲೆ ಕತ್ತಿನಿಂದ ಬೇರೆಯಾಗಿ ಕಾಣುವುದಿಲ್ಲ. ಬಾಲ ಬಹಳ ಗಿಡ್ಡ. ಇದರ ಹತ್ತಿರದ ಸಂಬಂಧಿಯಾದ ಎರಡುತಲೆ ಹಾವಿನ ಬಾಲದ ತುದಿ ಮೊಂಡಾಗಿ ತಲೆಯಂತೆ ಕಾಣುವುದರಿಂದ ಆ ಹೆಸರು ಬಂದಿದೆ. ಅದೃಷ್ಟ ತರುತ್ತದೆಂಬ ಮೂಢನಂಬಿಕೆಯಿಂದ ಎರಡುತಲೆ ಹಾವಿನ ಅಕ್ರಮ ಮಾರಾಟ ನಡೆಯುತ್ತದೆ.

ಹೆಬ್ಬಾವಿನ ಮರಿಯನ್ನೂ ಕೊಳಕುಮಂಡಲವನ್ನೂ ಅದಲುಬದಲಾಗಿ ಗುರುತಿಸುವುದುಂಟು. ಹೆಬ್ಬಾವಿನ ಹುರುಪೆಗಳು ನುಣುಪಾಗಿ ಹೊಳೆಯುತ್ತವೆ. ಮಚ್ಚೆಗಳು ದೊಡ್ಡವು, ಅಸಮ ಆಕಾರದವು. ತಲೆಯ ಮೇಲೆ ಬಾಣದ ತುದಿಯಂತಹ ಗುರುತಿರುತ್ತದೆ. ಹೆಬ್ಬಾವಿನ ಮರಿಯೆಂದು ಭಾವಿಸಿ ಕೊಳಕುಮಂಡಲವನ್ನು ಎತ್ತಿಕೊಳ್ಳುವುದು ಪ್ರಾಣಾಪಾಯಕ್ಕೆ ದಾರಿ.

ಗರಗಸಮಂಡಲ ಮತ್ತು ಬೆಕ್ಕುಹಾವು

ಗರಗಸಮಂಡಲದ ವೈಜ್ಞಾನಿಕ ಹೆಸರು ಎಕಿಸ್ ಕ್ಯಾರಿನೇಟಸ್. ಇದನ್ನು ಉರಿಮಂಡಲ ಎಂದೂ ಕರೆಯುತ್ತಾರೆ. ನಾಲ್ಕು ಪ್ರಮುಖ ವಿಷದ ಹಾವುಗಳಲ್ಲಿ ಇದೇ ಚಿಕ್ಕದು. ದಕ್ಷಿಣ ಭಾರತದಲ್ಲಿ ಸಾಮಾನ್ಯವಾಗಿ ಅರ್ಧ ಮೀಟರಿಗಿಂತ ಚಿಕ್ಕದಾಗಿರುವುದರಿಂದ ಇದನ್ನು ಯಾವುದೋ ಹಾವಿನ ಮರಿಯೆಂದು ಕಡೆಗಣಿಸುವ ಅಪಾಯವಿದೆ. ತಲೆಯ ಮೇಲೆ ಬಾಣ ಅಥವಾ ಹಕ್ಕಿಯ ಹೆಜ್ಜೆಯಂತಹ ಬಿಳಿ ಗುರುತು, ಮೈಯ ಎರಡೂ ಬದಿಯಲ್ಲಿ ಅಲೆಯಂತಹ ಬಿಳಿ ಗೆರೆ ಇದರ ಲಕ್ಷಣಗಳು. ಬಯಲುಸೀಮೆಯ ಒಣ ಕುರುಚಲು ಪ್ರದೇಶ, ಕಲ್ಲುಗುಡ್ಡ, ಕಲ್ಲಿನ ಬದುಗಳು ಇದರ ನೆಲೆ.

ಇದನ್ನು ಹೋಲುವ ಬೆಕ್ಕುಹಾವಿನ ಮೈ ತೆಳುವಾಗಿ ನೀಳವಾಗಿರುತ್ತದೆ, ಹುರುಪೆಗಳು ನುಣುಪಾಗಿರುತ್ತವೆ. ಇದು ಪೊದೆ ಮತ್ತು ಮರಗಳನ್ನು ಹತ್ತುತ್ತದೆ. ಇದರ ಸೌಮ್ಯ ವಿಷ ಹಲ್ಲಿಗಳಂತಹ ಸಣ್ಣ ಬೇಟೆಗೆ ಸಾಕಾಗುವಷ್ಟು ಮಾತ್ರ. ಮನುಷ್ಯನಿಗೆ ಇದು ಅಪಾಯಕಾರಿಯಲ್ಲ.

ಇತರ ಗಮನಾರ್ಹ ಹಾವುಗಳು

ಹಸಿರು ಬಣ್ಣದ ಹಾವುಗಳು: ಹಸಿರು ಬಳ್ಳಿಹಾವು ಬಳ್ಳಿಯಂತೆ ತೆಳು. ಇದರ ಮೂತಿ ಚೂಪು, ಕಣ್ಣಿನ ಪಾಪೆ ಅಡ್ಡವಾಗಿರುತ್ತದೆ. ಇದು ಕಣ್ಣು ಕುಕ್ಕುತ್ತದೆಂಬ ನಂಬಿಕೆಗೆ ಆಧಾರವಿಲ್ಲ. ಬಿದಿರುಮಂಡಲವೂ ಹಸಿರು ಬಣ್ಣದ್ದೇ. ಆದರೆ ಅದರ ಮೈ ದಪ್ಪ, ತಲೆ ಅಗಲವಾದ ತ್ರಿಕೋನ, ಕತ್ತು ಸಣ್ಣ. ಕಣ್ಣು ಮತ್ತು ಮೂಗಿನ ಹೊಳ್ಳೆಯ ನಡುವೆ ಶಾಖ ಗ್ರಹಿಸುವ ಒಂದು ಗುಳಿ ಇರುತ್ತದೆ. ಪಶ್ಚಿಮ ಘಟ್ಟದ ಮಲಬಾರ್ ಗುಳಿಮಂಡಲ ಹಸಿರು, ಕಂದು, ಹಳದಿ ಮುಂತಾದ ಹಲವು ಬಣ್ಣಗಳಲ್ಲಿ ಕಂಡುಬರುತ್ತದೆ. ಕಾಫಿ ಮತ್ತು ಏಲಕ್ಕಿ ತೋಟಗಳಲ್ಲಿ ಕೆಲಸ ಮಾಡುವವರು ಗುಳಿಮಂಡಲಗಳ ಪರಿಚಯ ಹೊಂದಿರುವುದು ಅಗತ್ಯ.

ಕಾಳಿಂಗ ಸರ್ಪ: ಮಲೆನಾಡಿನಲ್ಲಿ ಕಂಡುಬರುವ ಇದು ವಿಷದ ಹಾವುಗಳಲ್ಲೇ ಅತ್ಯಂತ ಉದ್ದವಾದುದು. ಹೆಡೆ ನಾಗರಹಾವಿನದಕ್ಕಿಂತ ಕಿರಿದು, ಉದ್ದವಾದುದು, ಕನ್ನಡಕದ ಗುರುತಿಲ್ಲ. ಮೈಮೇಲೆ ತಿಳಿ ಬಣ್ಣದ ಅಡ್ಡಪಟ್ಟೆಗಳಿರುತ್ತವೆ. ಮುಖ್ಯವಾಗಿ ಇತರ ಹಾವುಗಳನ್ನು ತಿನ್ನುತ್ತದೆ. ದೊಡ್ಡ ಕೇರೆಹಾವನ್ನು ಕಾಳಿಂಗವೆಂದು ಭಾವಿಸುವುದು ಮಲೆನಾಡಿನಲ್ಲಿ ಸಾಮಾನ್ಯ.

ನೀರೊಳ್ಳೆ ಮತ್ತು ಕಡಲ ಹಾವು: ಕೆರೆ, ಗದ್ದೆ, ಕಾಲುವೆಗಳಲ್ಲಿ ಕಾಣುವ ನೀರೊಳ್ಳೆಯ ಮೈಮೇಲೆ ಚದುರಂಗದ ಹಾಸಿನಂತಹ ಕಪ್ಪು ಮಚ್ಚೆಗಳೂ, ಕಣ್ಣಿನ ಕೆಳಗೆ ಎರಡು ಓರೆ ಕಪ್ಪು ಗೆರೆಗಳೂ ಇರುತ್ತವೆ. ಇದು ಸಿಡುಕು ಸ್ವಭಾವದ್ದು, ಕಚ್ಚುತ್ತದೆ, ಆದರೆ ಅಪಾಯಕಾರಿಯಲ್ಲ. ಕರಾವಳಿಯಲ್ಲಿ ಮೀನಿನ ಬಲೆಗೆ ಸಿಕ್ಕುವ, ಚಪ್ಪಟೆ ಬಾಲದ ಕಡಲ ಹಾವುಗಳು ವಿಷಕಾರಿಯಾಗಿದ್ದು, ಬಲೆ ಬಿಡಿಸುವ ಮೀನುಗಾರರು ಅವನ್ನು ಬರಿಗೈಯಿಂದ ಮುಟ್ಟಬಾರದು.

ಹಾವೆಂದು ತಪ್ಪಾಗಿ ತಿಳಿಯಲಾಗುವ ಜೀವಿಗಳು

ಹಾವುರಾಣಿ ಹಲ್ಲಿಗಳ ಗುಂಪಿಗೆ ಸೇರಿದ, ಹೊಳೆಯುವ ಮೈಯ ಪ್ರಾಣಿ. ಇದರ ಕಾಲುಗಳು ಚಿಕ್ಕವಾಗಿರುವುದರಿಂದ ಎಲೆಗಳ ನಡುವೆ ಸರಿಯುವಾಗ ಹಾವಿನಂತೆ ಕಾಣುತ್ತದೆ. ಮಲೆನಾಡಿನ ತೇವದ ಮಣ್ಣಿನಲ್ಲಿರುವ ಸಿಸೀಲಿಯನ್‌ಗಳು ಕಾಲಿಲ್ಲದ ಉಭಯವಾಸಿಗಳು. ಅವುಗಳ ಚರ್ಮ ಲೋಳೆಯಾಗಿದ್ದು ಮೈಸುತ್ತ ಉಂಗುರದಂತಹ ಗೆರೆಗಳಿರುತ್ತವೆ. ಮಳೆ ಬಂದಾಗ ಬಚ್ಚಲು ಮತ್ತು ಹೂಕುಂಡಗಳಲ್ಲಿ ಕಾಣುವ ಎರೆಹುಳುವಿನಂತಹ ಕಪ್ಪು ಜೀವಿ ಹುಳುಹಾವು. ಇದು ನಿಜವಾಗಿಯೂ ಹಾವೇ ಆಗಿದ್ದು, ಸಂಪೂರ್ಣ ನಿರಪಾಯಕಾರಿ. ಇರುವೆ ಮತ್ತು ಗೆದ್ದಲಿನ ಮೊಟ್ಟೆ, ಮರಿಗಳು ಇದರ ಆಹಾರ.

ಪ್ರಚಲಿತ ತಪ್ಪು ಸೂತ್ರಗಳು

ತ್ರಿಕೋನ ತಲೆಯಿದ್ದರೆ ವಿಷದ ಹಾವು ಎಂಬ ಸೂತ್ರ ಮಂಡಲಗಳಿಗೆ ಹೊಂದುತ್ತದೆ. ಆದರೆ ನಾಗರಹಾವು ಮತ್ತು ಕಟ್ಟುಹಾವಿನ ತಲೆ ತ್ರಿಕೋನವಾಗಿರುವುದಿಲ್ಲ. ಬೆಕ್ಕುಹಾವಿನ ತಲೆ ಅಗಲವಾಗಿದ್ದರೂ ಅದು ಅಪಾಯಕಾರಿಯಲ್ಲ. ಕೆಲವು ನಿರಪಾಯಕಾರಿ ಹಾವುಗಳು ಬೆದರಿದಾಗ ತಲೆಯನ್ನು ಚಪ್ಪಟೆ ಮಾಡಿ ತ್ರಿಕೋನವಾಗಿ ತೋರಿಸುತ್ತವೆ.

ಕಣ್ಣಿನ ಪಾಪೆ ಸೀಳಿನಂತಿದ್ದರೆ ವಿಷ, ದುಂಡಗಿದ್ದರೆ ನಿರಪಾಯ ಎಂಬ ಸೂತ್ರ ಭಾರತದಲ್ಲಿ ಮಾರಕ. ನಾಗರಹಾವು, ಕಾಳಿಂಗ ಸರ್ಪ ಮತ್ತು ಕಟ್ಟುಹಾವುಗಳ ಪಾಪೆ ದುಂಡಗಿರುತ್ತದೆ. ನಿರಪಾಯಕಾರಿಗಳಾದ ಹೆಬ್ಬಾವು ಮತ್ತು ಮಣ್ಣುಮುಕ್ಕದ ಪಾಪೆ ಸೀಳಿನಂತಿರುತ್ತದೆ. ಮೇಲಾಗಿ ಪಾಪೆಯನ್ನು ನೋಡುವಷ್ಟು ಹತ್ತಿರ ಹೋಗುವುದೇ ಅಪಾಯ.

ಎರಡು ಹಲ್ಲಿನ ಗುರುತಿದ್ದರೆ ಮಾತ್ರ ವಿಷದ ಕಡಿತ ಎಂಬುದೂ ಸರಿಯಲ್ಲ. ವಿಷದ ಹಾವು ಒಂದೇ ಗುರುತನ್ನು, ಗೀರನ್ನು ಅಥವಾ ಹಲವು ಗುರುತುಗಳನ್ನು ಬಿಡಬಹುದು. ಮರಿಹಾವಿಗೆ ವಿಷವಿರುವುದಿಲ್ಲ ಎಂಬ ನಂಬಿಕೆಯೂ ಆಧಾರರಹಿತ.

ಸುರಕ್ಷಿತವಾಗಿ ಗಮನಿಸಿ ದಾಖಲಿಸುವ ಕ್ರಮ

ಹಾವು ಕಂಡಾಗ ಇದ್ದಲ್ಲೇ ನಿಂತು, ಅದು ಸಾಗುವ ದಾರಿಯನ್ನು ಬಿಟ್ಟುಕೊಟ್ಟು ನಿಧಾನವಾಗಿ ಹಿಂದೆ ಸರಿಯಬೇಕು. ಕನಿಷ್ಠ ಮೂರು ಮೀಟರ್ ದೂರವಿರಬೇಕು. ದೊಡ್ಡ ಹಾವಾದರೆ ಅಂತರ ಇನ್ನೂ ಹೆಚ್ಚಿರಬೇಕು. ಮಕ್ಕಳು ಮತ್ತು ಸಾಕುಪ್ರಾಣಿಗಳನ್ನು ದೂರವಿಡಬೇಕು. ಕೋಲಿನಿಂದ ತಿವಿಯುವುದು, ಕಲ್ಲೆಸೆಯುವುದು, ಹೆಡೆ ಬಿಚ್ಚಿಸಲು ಕೆಣಕುವುದು ಸಲ್ಲದು.

ಛಾಯಾಚಿತ್ರ ತೆಗೆಯುವುದಾದರೆ ಹತ್ತಿರ ಹೋಗುವ ಬದಲು ಮೊಬೈಲಿನ ಜೂಮ್ ಬಳಸಬೇಕು. ತಲೆ, ನಡುಮೈ ಮತ್ತು ಬಾಲ ಮೂರೂ ಕಾಣುವ ಚಿತ್ರಗಳು ಗುರುತಿಸಲು ಅನುಕೂಲ. ಜೊತೆಗೆ ಸ್ಥಳ, ದಿನಾಂಕ, ಹೊತ್ತು, ಪರಿಸರ ಮತ್ತು ಹಾವಿನ ನಡವಳಿಕೆಯನ್ನು ಬರೆದಿಟ್ಟುಕೊಂಡರೆ ತಜ್ಞರಿಗೆ ನೆರವಾಗುತ್ತದೆ. ಮೊಬೈಲಿನ ಸ್ವಯಂಚಾಲಿತ ಗುರುತಿಸುವ ತಂತ್ರಾಂಶಗಳು ತಪ್ಪಾಗಬಹುದು. ಅವುಗಳ ಉತ್ತರವನ್ನು ನಂಬಿ ಹಾವನ್ನು ಮುಟ್ಟಬಾರದು.

ಹಾವು ಬಿಟ್ಟುಹೋದ ಪೊರೆಯಿಂದಲೂ ಪ್ರಭೇದವನ್ನು ಊಹಿಸಬಹುದು. ಪೊರೆಯಲ್ಲಿ ಬಣ್ಣ ಉಳಿಯದಿದ್ದರೂ ಹುರುಪೆಗಳ ಜೋಡಣೆ ಹಾಗೆಯೇ ಉಳಿದಿರುತ್ತದೆ. ಆದರೆ ಪೊರೆ ಹಿಗ್ಗುವುದರಿಂದ ಅದರ ಉದ್ದ ಹಾವಿನ ನಿಜವಾದ ಉದ್ದಕ್ಕಿಂತ ಹೆಚ್ಚಿರುತ್ತದೆ.

ಸತ್ತ ಹಾವನ್ನೂ ಕೈಯಿಂದ ಮುಟ್ಟಬಾರದು. ಸತ್ತ ಸ್ವಲ್ಪ ಹೊತ್ತಿನ ನಂತರವೂ, ತುಂಡಾದ ತಲೆಯೂ ಸಹ, ಪ್ರತಿವರ್ತನೆಯಿಂದ ಕಚ್ಚಬಲ್ಲದು. ಮನೆಯೊಳಗೆ ಹಾವು ಸೇರಿಕೊಂಡಿದ್ದರೆ ಕೋಣೆಯ ಬಾಗಿಲು ಮುಚ್ಚಿ, ಅದರ ಮೇಲೆ ದೂರದಿಂದ ಕಣ್ಣಿಟ್ಟು, ಅರಣ್ಯ ಇಲಾಖೆಗೆ ಅಥವಾ ತರಬೇತಿ ಪಡೆದ ಉರಗ ರಕ್ಷಕರಿಗೆ ತಿಳಿಸಬೇಕು.

ಕಡಿತ ಸಂಭವಿಸಿದಾಗ

ಹಾವು ಕಡಿದ ನಂತರ ಅದನ್ನು ಗುರುತಿಸಲೆಂದು ಹುಡುಕುವುದು, ಹಿಡಿಯುವುದು ಅಥವಾ ಕೊಂದು ಆಸ್ಪತ್ರೆಗೆ ತರುವುದು ಅನಗತ್ಯ. ಇದರಿಂದ ಅಮೂಲ್ಯ ಸಮಯ ವ್ಯರ್ಥವಾಗುತ್ತದೆ, ಎರಡನೆಯ ಕಡಿತದ ಅಪಾಯವೂ ಇದೆ. ಭಾರತದಲ್ಲಿ ಬಳಸುವ ಬಹುಮುಖಿ ಪ್ರತಿವಿಷವನ್ನು ನಾಲ್ಕು ಪ್ರಮುಖ ಹಾವುಗಳ ವಿಷಗಳಿಗೂ ಒಟ್ಟಾಗಿ ಕೆಲಸ ಮಾಡುವಂತೆ ತಯಾರಿಸಲಾಗುತ್ತದೆ. ಈ ನಾಲ್ಕರಲ್ಲಿ ಯಾವುದು ಕಡಿದಿದ್ದರೂ ನೀಡುವ ಔಷಧ ಒಂದೇ. ಇದಕ್ಕೆ ಬೇಕಾದ ವಿಷದ ಗಣನೀಯ ಭಾಗವನ್ನು ತಮಿಳುನಾಡಿನಲ್ಲಿ 1978ರಲ್ಲಿ ಸ್ಥಾಪನೆಯಾದ ಇರುಳರ ಹಾವು ಹಿಡಿಯುವವರ ಸಹಕಾರ ಸಂಘ ಪೂರೈಸುತ್ತದೆ.

ವೈದ್ಯರು ಹಾವಿನ ಹೆಸರಿಗಿಂತ ರೋಗಿಯ ಲಕ್ಷಣಗಳನ್ನು ಆಧರಿಸಿ ಚಿಕಿತ್ಸೆ ನಿರ್ಧರಿಸುತ್ತಾರೆ. ನಾಗರಹಾವು ಮತ್ತು ಕಟ್ಟುಹಾವಿನ ವಿಷ ಮುಖ್ಯವಾಗಿ ನರಗಳ ಮೇಲೆ ಪರಿಣಾಮ ಬೀರುತ್ತದೆ. ಮಂಡಲಗಳ ವಿಷ ರಕ್ತ ಹೆಪ್ಪುಗಟ್ಟುವ ಕ್ರಿಯೆಯನ್ನು ಕೆಡಿಸುತ್ತದೆ. ರೋಗಿಯ ರಕ್ತವನ್ನು ಗಾಜಿನ ನಳಿಕೆಯಲ್ಲಿ 20 ನಿಮಿಷ ಅಲುಗಾಡಿಸದೆ ಇಟ್ಟು, ಹೆಪ್ಪುಗಟ್ಟಿದೆಯೇ ಎಂದು ನೋಡುವ ಸರಳ ಪರೀಕ್ಷೆ ಎರಡನೆಯ ಬಗೆಯನ್ನು ಪತ್ತೆಹಚ್ಚುತ್ತದೆ.

ಪ್ರತಿವಿಷಕ್ಕೂ ಮಿತಿಗಳಿವೆ. ಕಾಳಿಂಗ ಸರ್ಪ ಮತ್ತು ಗುಳಿಮಂಡಲಗಳ ವಿಷವನ್ನು ಅದರ ತಯಾರಿಕೆಯಲ್ಲಿ ಬಳಸುವುದಿಲ್ಲ. ಮಲೆನಾಡಿನ ಗೂನುಮೂಗಿನ ಗುಳಿಮಂಡಲದ ಕಡಿತಕ್ಕೆ ಅದು ಪರಿಣಾಮಕಾರಿಯಲ್ಲ. ಈ ಕಾರಣದಿಂದ, ಮೊದಲೇ ತೆಗೆದಿದ್ದ ಛಾಯಾಚಿತ್ರವಿದ್ದರೆ ವೈದ್ಯರಿಗೆ ತೋರಿಸುವುದು ಉಪಯುಕ್ತ. ಇಲ್ಲದಿದ್ದರೆ ಅದಕ್ಕಾಗಿ ತಡಮಾಡಬಾರದು.

ಕಡಿತಕ್ಕೊಳಗಾದವರಿಗೆ ಧೈರ್ಯ ಹೇಳಿ, ಕಡಿದ ಅಂಗವನ್ನು ಅಲುಗಾಡದಂತೆ ಇರಿಸಿ, ಉಂಗುರ, ಬಳೆ, ಕಾಲ್ಗೆಜ್ಜೆಗಳನ್ನು ತೆಗೆದು, 108 ಆಂಬ್ಯುಲೆನ್ಸ್ ಅಥವಾ ಲಭ್ಯವಿರುವ ವಾಹನದಲ್ಲಿ ಆಸ್ಪತ್ರೆಗೆ ಸಾಗಿಸಬೇಕು. ಬಿಗಿಯಾಗಿ ಹಗ್ಗ ಕಟ್ಟುವುದು, ಗಾಯವನ್ನು ಕೊಯ್ಯುವುದು, ಬಾಯಿಯಿಂದ ಹೀರುವುದು, ನಾಟಿ ಔಷಧ ಅಥವಾ ಮಂತ್ರಕ್ಕಾಗಿ ಕಾಯುವುದು ಹಾನಿಕರ. ಹಾವು ನಿರಪಾಯಕಾರಿಯೆಂದು ತೋರಿದರೂ ವೈದ್ಯಕೀಯ ನಿಗಾ ಅಗತ್ಯ.

ಕಾನೂನು

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಸಂರಕ್ಷಿತವಾಗಿರುವ ಹಾವುಗಳನ್ನು ಕೊಲ್ಲುವುದು, ಹಿಡಿದಿಟ್ಟುಕೊಳ್ಳುವುದು ಮತ್ತು ಮಾರುವುದು ಶಿಕ್ಷಾರ್ಹ ಅಪರಾಧ. ನಾಗರಹಾವು, ಕೊಳಕುಮಂಡಲ, ಕೇರೆಹಾವು, ಹೆಬ್ಬಾವು ಮತ್ತು ಕಾಳಿಂಗ ಸರ್ಪಗಳು ಈ ಕಾಯ್ದೆಯ ರಕ್ಷಣೆಗೆ ಒಳಪಟ್ಟಿವೆ. ಹಾವು ಯಾವುದೆಂದು ತಿಳಿಯದಿದ್ದರೂ ಅದನ್ನು ಕೊಲ್ಲದೆ ದೂರ ಸರಿಯುವುದು ಮನುಷ್ಯನ ಸುರಕ್ಷತೆಗೂ ಕಾನೂನಿಗೂ ಸಮ್ಮತವಾದ ಮಾರ್ಗ.

ಇವನ್ನೂ ನೋಡಿ

• ನಾಗರಹಾವು
• ಕಾಳಿಂಗ ಸರ್ಪ
• ಕೊಳಕುಮಂಡಲ
• ಕೇರೆಹಾವು
• ಹಾವು ಕಡಿತ
• ಪಶ್ಚಿಮ ಘಟ್ಟಗಳು